ಟ್ಯಾನೆನ್‌ಬಾಮ್–ಟೋರ್ವಾಲ್ಡ್ಸ್ ವಾದ: ಒಂದು ವಿಮರ್ಶೆ

1992ನೆಯ ಇಸವಿ ಜನವರಿ 29ರಂದು ಆಮ್‌ಸ್ಟರ್‌ಡಾಂ ನಗರದ ಫ್ರೈ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರು, ಯೂಸ್‌ನೆಟ್ ಎಂಬ ಗಣಕಜಾಲದಲ್ಲಿ ಮಿನಿಕ್ಸ್ ಬಳಸುವವರಿಗೆಂದೇ ಇದ್ದ ಚರ್ಚಾಕೂಟಕ್ಕೆ ಒಂದು ಪತ್ರವನ್ನು ಬರೆದರು. ಲಿನಕ್ಸ್ ಆಗಲೇ ಹಳತಾಗಿಹೋಗಿದೆ ಎಂಬುದು ಅದರ ತಲೆಬರಹದ ತಾತ್ಪರ್ಯ. ಲಿನಕ್ಸ್‌ನ ಸುದ್ದಿ ಲೋಕಕ್ಕೆ ತಿಳಿದು ಆಗ ಅರ್ಧ ವರ್ಷವೂ ತುಂಬಿರಲಿಲ್ಲ. ಅದರ ಕರ್ತೃಗಳಾದ ಲಿನಸ್ ಟೋರ್ವಾಲ್ಡ್ಸ್ ಅವರು ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ 22 ವರ್ಷದ ವಿದ್ಯಾರ್ಥಿ. ಅದೇ ದಿನ ಅವರಿಂದ ಖಾರವಾದ ಉತ್ತರವೊಂದು ಬಂದಿತು. ಮುಂದಿನ ದಿನಗಳಲ್ಲಿ ಇತರರೂ ಸೇರಿಕೊಂಡು ವಾದವು ಬೆಳೆಯಿತು.

ಗಣಕವಿಜ್ಞಾನಕ್ಕೆ ಸೇರಿದ ಈ ವಿಷಯವನ್ನು ಇತಿಹಾಸದ ಅಧ್ಯಾಪಕರು ಎತ್ತಿಕೊಳ್ಳುವುದೇಕೆಂದು ವಾಚಕರು ಕೇಳಬಹುದು. ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಈ ವಾದವು ಒಂದು ಕಥೆಯ ರೂಪವನ್ನು ತಾಳಿದೆ: ಗುರುವೊಬ್ಬನು ಹುಡುಗನೊಬ್ಬನ ಕೃತಿಯನ್ನು ಹಳಿದನು, ಹುಡುಗನ ಕೃತಿ ಲೋಕವನ್ನೆಲ್ಲ ವ್ಯಾಪಿಸಿತು, ಆದುದರಿಂದ ಗುರುವಿನ ಮಾತು ತಪ್ಪು. ಇದರಲ್ಲಿ ಮೊದಲಿನ ಎರಡು ವಾಕ್ಯಗಳು ನಿಜ. ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಕದನದಲ್ಲಿ ಗೆದ್ದ ಅರಸನ ಪಕ್ಷವೇ ನ್ಯಾಯದ ಪಕ್ಷವೆಂದು ಬರೆದ ಉತ್ತರಪತ್ರಿಕೆಗೆ ನಾವು ಅಂಕ ಕೊಡುವುದಿಲ್ಲವಷ್ಟೆ. ಯಂತ್ರಗಳ ಇತಿಹಾಸಕ್ಕೆ ಬಂದೊಡನೆ ಅದೇ ತರ್ಕವನ್ನು ನಾವೇಕೆ ಒಪ್ಪಿಬಿಡುತ್ತೇವೆ?

ವಿವಾದದ ವಸ್ತುವನ್ನು ಮೊದಲು ತಿಳಿಯಬೇಕು. ಗಣಕಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎಂದು ಹೆಸರು. ಸ್ಮೃತಿಯನ್ನು ಹಂಚುವುದು, ಕಡತಗಳನ್ನು ಇಡುವುದು ತೆಗೆಯುವುದು, ಮುದ್ರಕ ಮೊದಲಾದ ಸಾಧನಗಳೊಡನೆ ವ್ಯವಹರಿಸುವುದು, ಇವೆಲ್ಲವೂ ಒಂದೇ ಕಾರ್ಯಕ್ರಮದೊಳಗೆ ಅಡಕವಾಗಿದ್ದರೆ ಅದು ಏಕಶಿಲೆಯ ಕರ್ನಲ್. ತೀರ ಅಗತ್ಯವಾದುದನ್ನು ಮಾತ್ರ ಕರ್ನಲ್‌ನಲ್ಲಿ ಉಳಿಸಿ, ಮಿಕ್ಕ ಕೆಲಸಗಳನ್ನು ಬೇರೆ ಬೇರೆ ಕಾರ್ಯಕ್ರಮಗಳಿಗೆ ವಹಿಸಿ, ಅವು ಪರಸ್ಪರ ಸಂದೇಶಗಳ ಮೂಲಕ ವ್ಯವಹರಿಸುವಂತೆ ಮಾಡಿದರೆ ಅದು ಮೈಕ್ರೊಕರ್ನಲ್. ಮೊದಲನೆಯದು ವೇಗವಾದುದು, ಬರೆಯಲು ಸುಲಭ; ಆದರೆ ಒಂದು ಮೂಲೆಯ ದೋಷವು ಇಡೀ ಕಟ್ಟಡವನ್ನು ಕೆಡಹಬಲ್ಲದು. ಎರಡನೆಯದರಲ್ಲಿ ದೋಷವು ಹುಟ್ಟಿದ ಕೋಣೆಯಲ್ಲೇ ಉಳಿಯುತ್ತದೆ. ಆದರೆ ಕೋಣೆಯಿಂದ ಕೋಣೆಗೆ ಓಡಾಡುವ ಸಂದೇಶಗಳಿಗೆ ಕಾಲ ಹಿಡಿಯುತ್ತದೆ. ಟ್ಯಾನೆನ್‌ಬಾಮ್ ಅವರು 1987ರಲ್ಲಿ ತಮ್ಮ ಪಠ್ಯಪುಸ್ತಕದೊಡನೆ ಹೊರತಂದ ಮಿನಿಕ್ಸ್ ಎರಡನೆಯ ಬಗೆಯದು. ಆ ಮಿನಿಕ್ಸನ್ನೇ ಬಳಸಿ, ಅದರ ಕಡತವ್ಯವಸ್ಥೆಯನ್ನೇ ಅನುಸರಿಸಿ ಟೋರ್ವಾಲ್ಡ್ಸ್ ಅವರು ಕಟ್ಟಿದ ಲಿನಕ್ಸ್ ಮೊದಲನೆಯ ಬಗೆಯದು.

ಟ್ಯಾನೆನ್‌ಬಾಮ್ ಅವರ ಆಕ್ಷೇಪಣೆಗಳು ಎರಡು. ಏಕಶಿಲೆಯ ರಚನೆಯು 1970ರ ದಶಕಕ್ಕೆ ಹಿಂದಿರುಗುವ ಹೆಜ್ಜೆ. ಬಲ್ಲವರ ನಡುವೆ ಆ ಚರ್ಚೆ ಮುಗಿದುಹೋಗಿದೆ. ಇದು ಒಂದು. ಲಿನಕ್ಸ್ ಇಂಟೆಲ್ 386ರ ಕುಲದ ಸಂಸ್ಕಾರಕಕ್ಕೆ ಅಂಟಿಕೊಂಡಿದೆ. ಆ ಕುಲವು ಬೇಗನೆ ಹಿಂದೆ ಬೀಳುವುದು. ಇದು ಇನ್ನೊಂದು. ಮುಂದಿನ ಪತ್ರವೊಂದರಲ್ಲಿ ಇಂಥ ರಚನೆಯನ್ನು ತಮ್ಮ ವಿದ್ಯಾರ್ಥಿ ತಂದೊಪ್ಪಿಸಿದ್ದರೆ ಒಳ್ಳೆಯ ಅಂಕ ಸಿಕ್ಕುತ್ತಿರಲಿಲ್ಲವೆಂಬ ಮಾತೂ ಬಂದಿದೆ. ಟೋರ್ವಾಲ್ಡ್ಸ್ ಅವರ ಉತ್ತರದಲ್ಲಿ ಕೋಪ ಹೆಚ್ಚು. ಮಿನಿಕ್ಸ್‌ಗೆ ಹಣ ಕೊಡಬೇಕು, ಅದರ ಕಡತವ್ಯವಸ್ಥೆ ಒಮ್ಮೆಗೆ ಒಂದೇ ಕೆಲಸ ಮಾಡುತ್ತದೆ, ಅದರ ಕುಂದುಗಳಿಗೆ ಕರ್ತೃವಿನ ಪ್ರಾಧ್ಯಾಪಕವೃತ್ತಿಯೇ ನೆಪವಾಗಿದೆ, ಎಂದೆಲ್ಲ ಅವರು ಬರೆದರು. ಆದರೆ ಕಥೆ ಹೇಳುವವರು ಮರೆಯುವ ಅಂಶವೊಂದು ಅಲ್ಲಿಯೇ ಇದೆ. ಸಿದ್ಧಾಂತದ ಮಟ್ಟಿಗೆ ಮೈಕ್ರೊಕರ್ನಲ್ ಮೇಲೆಂಬುದನ್ನು ಟೋರ್ವಾಲ್ಡ್ಸ್ ಅವರು ಆ ಮೊದಲ ಉತ್ತರದಲ್ಲಿಯೇ ಒಪ್ಪಿಕೊಂಡಿದ್ದಾರೆ. ಗ್ನೂ ಯೋಜನೆಯ ಕರ್ನಲ್ ಅಷ್ಟರಲ್ಲಿ ಸಿದ್ಧವಾಗಿದ್ದರೆ ತಾವು ಈ ಕೆಲಸಕ್ಕೆ ಕೈಹಾಕುತ್ತಲೇ ಇರಲಿಲ್ಲವೆಂದೂ ಹೇಳಿದ್ದಾರೆ. ಅಂದಮೇಲೆ ಮುಖ್ಯ ಪ್ರಶ್ನೆಯಲ್ಲಿ ಇಬ್ಬರಿಗೂ ಭೇದವಿರಲಿಲ್ಲ. ಒಬ್ಬರು ಯಾವುದು ಚೆನ್ನಾದುದೆಂದು ಕೇಳುತ್ತಿದ್ದರು. ಮತ್ತೊಬ್ಬರು ಯಾವುದು ಇಂದು ಕೈಗೆ ಸಿಕ್ಕುವುದೆಂದು ಹೇಳುತ್ತಿದ್ದರು.

ಈ ಅಂತರವನ್ನು ಆಗಲೇ ಗುರುತಿಸಿದವರಲ್ಲಿ ಕೆನ್ ಥಾಂಪ್ಸನ್ ಎಂಬವರು ಒಬ್ಬರು. ಏಕಶಿಲೆಯ ಕರ್ನಲ್ಲನ್ನು ಕಟ್ಟುವುದು ಸುಲಭ, ಅಷ್ಟೇ ಬೇಗನೆ ಅದು ತಿದ್ದುಪಡಿಗಳಿಂದ ಕಲಸುಮೇಲೋಗರವಾಗುವುದೂ ಸುಲಭ, ಎಂಬರ್ಥದ ಮಾತನ್ನು ಅವರು ಬರೆದರು. ಇಡೀ ವಾದದಲ್ಲಿ ತಕ್ಕಡಿಯ ಎರಡು ತಟ್ಟೆಗಳನ್ನೂ ಒಮ್ಮೆಗೇ ನೋಡಿದ ಮಾತು ನಮಗೆ ಕಂಡಮಟ್ಟಿಗೆ ಇದೊಂದೇ.

ಸಂಸ್ಕಾರಕದ ಮಾತು ಭವಿಷ್ಯವಾಣಿಯಾದುದರಿಂದ ಅದನ್ನು ಪರೀಕ್ಷಿಸಬಹುದು. ಐದು ವರ್ಷಗಳಲ್ಲಿ ಎಲ್ಲರೂ ಸ್ಪಾರ್ಕ್ ಯಂತ್ರಗಳ ಮುಂದೆ ಕುಳಿತಿರುವರೆಂದು ಟ್ಯಾನೆನ್‌ಬಾಮ್ ಅವರು ಊಹಿಸಿದ್ದರು. 1997ರಲ್ಲಿ ಹಾಗೆ ಆಗಿರಲಿಲ್ಲ. ಇಂಟೆಲ್‌ನ ಹಳೆಯ ಕುಲವೇ ಮೇಜುಗಳ ಮೇಲೆ ಉಳಿದಿತ್ತು. ಇತ್ತ ಲಿನಕ್ಸ್ ತಾನೇ ಇಂಟೆಲ್‌ನ ಅಂಟನ್ನು ಬಿಡಿಸಿಕೊಂಡಿತು: 1995ರ ಮಾರ್ಚಿಯಲ್ಲಿ ಹೊರಬಂದ 1.2ನೆಯ ಆವೃತ್ತಿಯು ಆಲ್ಫಾ, ಸ್ಪಾರ್ಕ್, ಮಿಪ್ಸ್ ಯಂತ್ರಗಳ ಮೇಲೂ ಓಡಿತು. ಎಂದರೆ ಊಹೆ ಸುಳ್ಳಾಯಿತು, ಆದರೆ ಹಲವು ಯಂತ್ರಗಳಿಗೆ ಒಗ್ಗಬೇಕೆಂಬ ಆಕ್ಷೇಪಣೆಯನ್ನು ಟೋರ್ವಾಲ್ಡ್ಸ್ ಅವರ ಕೃತಿಯೇ ಮೂರು ವರ್ಷಗಳಲ್ಲಿ ಅಂಗೀಕರಿಸಿತು. ಇಂದು ನಮ್ಮ ಜೇಬಿನ ಫೋನುಗಳಲ್ಲಿ ಲಿನಕ್ಸ್ ಇರುವುದು ಇಂಟೆಲ್‌ಗೆ ಸೇರದ ಆರ್ಮ್ ಸಂಸ್ಕಾರಕಗಳ ಮೇಲೆ ಎಂಬುದನ್ನೂ ನೆನೆಯಬೇಕು.

ಹಾಗಾದರೆ ಲಿನಕ್ಸ್ ಹರಡಿದುದು ಹೇಗೆ? ನಮ್ಮ ದೃಷ್ಟಿಯಲ್ಲಿ ಇಲ್ಲಿಯೇ ಇತಿಹಾಸಕಾರನ ಕೆಲಸ ಆರಂಭವಾಗುವುದು. ವಾದಪತ್ರಗಳ ಪ್ರಸಿದ್ಧಿಯು ಅವನ ಕಣ್ಣನ್ನು ಮರೆಮಾಡಿರುವುದೂ ಇಲ್ಲಿಯೇ. ಆ ಜನವರಿಯಲ್ಲಿಯೇ ಬಿಡುಗಡೆಯಾದ ಲಿನಕ್ಸ್‌ನ 0.12ನೆಯ ಆವೃತ್ತಿಯ ಟಿಪ್ಪಣಿಯಲ್ಲಿ ಒಂದು ಚಿಕ್ಕ ಪ್ರಕಟಣೆ ಇದೆ. ಅದುವರೆಗಿನ ಹಕ್ಕುಪತ್ರದಂತೆ ಲಿನಕ್ಸನ್ನು ಯಾರೂ ಹಣಕ್ಕೆ ಹಂಚುವಂತಿರಲಿಲ್ಲ. ಆ ನಿರ್ಬಂಧವನ್ನು ತೆಗೆದು, ಫೆಬ್ರವರಿ 1ರಿಂದ ಗ್ನೂ ಯೋಜನೆಯ ಸಾರ್ವಜನಿಕ ಪರವಾನಗಿಗೆ ಒಳಪಡಿಸುವುದಾಗಿ ಅಲ್ಲಿ ಸೂಚಿಸಿದೆ. ಟ್ಯಾನೆನ್‌ಬಾಮ್ ಅವರ ಪತ್ರ ಬಂದ ಮೂರನೆಯ ದಿನವದು! ಯಾರು ಬೇಕಾದರೂ ನಕಲಿಸಬಹುದು, ಮಾರಬಹುದು, ತಿದ್ದಬಹುದು. ತಿದ್ದಿ ಹಂಚಿದರೆ ಆ ತಿದ್ದುಪಡಿಯನ್ನೂ ಅದೇ ಕರಾರಿನ ಮೇಲೆ ಬಿಟ್ಟುಕೊಡಬೇಕು. ಇದರ ಬಲದಿಂದಲೇ ಮಾರಾಟಗಾರರೂ ಹವ್ಯಾಸಿಗಳೂ ಒಂದೇ ಕೃತಿಗೆ ದುಡಿಯುವುದು ಸಾಧ್ಯವಾಯಿತು. ಮಿನಿಕ್ಸ್ ಆದರೋ ಪ್ರಕಾಶಕರ ಸೊತ್ತಾಗಿದ್ದಿತು. ಇದಕ್ಕೆ ಪ್ರತಿಸ್ಪರ್ಧಿಯಾಗಬಲ್ಲ ಬರ್ಕ್ಲಿ ಯುನಿಕ್ಸ್ 1992ರಿಂದ 1994ರವರೆಗೆ ನ್ಯಾಯಾಲಯದ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದ್ದಿತು. 386 ಯಂತ್ರಗಳ ಬೆಲೆಯೂ ಇಳಿಯುತ್ತಿತ್ತು. ಈ ಕಾರಣಗಳಲ್ಲಿ ಯಾವುದೂ ಕರ್ನಲ್ ಏಕಶಿಲೆಯದೋ ಅಲ್ಲವೋ ಎಂಬುದರ ಮೇಲೆ ನಿಂತಿಲ್ಲ.

ಟ್ಯಾನೆನ್‌ಬಾಮ್ ಅವರು ನಿಜವಾಗಿ ಎಡವಿದುದು ಬೇರೊಂದು ಕಡೆ. ಲೋಕದ ನಾನಾ ಮೂಲೆಗಳಲ್ಲಿರುವ ಸಾವಿರ ಮಂದಿ ಅಹಂಮನ್ಯರನ್ನು ಒಂದು ಕೆಲಸಕ್ಕೆ ಹೂಡಿ ನಡೆಸುವುದು ಆಗದ ಮಾತೆಂದು ಅವರು ಬಗೆದಿದ್ದರು. ನಮ್ಮವರಾದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವ ಕೆಲಸವೆನ್ನುತ್ತಿದ್ದರು. ಟೋರ್ವಾಲ್ಡ್ಸ್ ಅವರು ಕಪ್ಪೆಗಳನ್ನು ತೂಗಿಯೇಬಿಟ್ಟರು. ಈ ತಪ್ಪು ರಚನಾಶಾಸ್ತ್ರದ ತಪ್ಪಲ್ಲ, ಮನುಷ್ಯರನ್ನು ಕುರಿತ ಅಂದಾಜಿನ ತಪ್ಪು. ವಿದ್ಯಾರ್ಥಿಗಳು ಇದನ್ನು ಬಿಟ್ಟು ಬೇರೆಡೆ ತಪ್ಪನ್ನು ಹುಡುಕುವುದು ವಿಷಾದಕರ.

ವಾದದ ರೀತಿಯನ್ನು ಕುರಿತು ಒಂದೆರಡು ಮಾತು. ನ್ಯಾಯಶಾಸ್ತ್ರವು ತತ್ತ್ವನಿರ್ಣಯಕ್ಕಾಗಿ ನಡೆಯುವುದನ್ನು ವಾದವೆಂದೂ, ಗೆಲವಿಗಾಗಿ ನಡೆಯುವುದನ್ನು ಜಲ್ಪವೆಂದೂ, ತನ್ನ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಮುರಿಯುವುದನ್ನಷ್ಟೇ ವಿತಂಡವೆಂದೂ ಬೇರ್ಪಡಿಸುತ್ತದೆ. 1992ರ ಪತ್ರಗಳಲ್ಲಿ ಮೊದಲೆರಡೂ ಬೆರೆತಿವೆ. ಅಂಕದ ಮಾತು ಶುದ್ಧ ಜಲ್ಪ. ನಾವೂ ಅಂಕ ಹಾಕುವ ವೃತ್ತಿಯವರೇ ಆದುದರಿಂದ ಇದನ್ನು ಸಂಕೋಚದಿಂದಲೇ ಹೇಳುತ್ತಿದ್ದೇವೆ: ಯುಕ್ತಿಯ ಸ್ಥಾನದಲ್ಲಿ ಪೀಠವನ್ನು ತಂದಿರಿಸುವ ಚಪಲ ನಮ್ಮಲ್ಲಿ ಯಾರಿಗೂ ಅಪರಿಚಿತವಲ್ಲ. ಟೋರ್ವಾಲ್ಡ್ಸ್ ಅವರ ಮೊದಲ ಉತ್ತರವೂ ಅದೇ ಜಾತಿಯದು. ಆದರೆ ಮರುದಿನವೇ ಅವರು ತಾವು ಮಿತಿಮೀರಿದುದನ್ನು ಒಪ್ಪಿಕೊಂಡು ಬರೆದರು. 2004ರಲ್ಲಿ ಕೆನೆತ್ ಬ್ರೌನ್ ಎಂಬವರು ಲಿನಕ್ಸ್ ಮಿನಿಕ್ಸ್‌ನಿಂದ ಕದ್ದುದೆಂಬ ಸೂಚನೆಯನ್ನು ಮುಂದಿಟ್ಟಾಗ, ಅದನ್ನು ಬಹಿರಂಗವಾಗಿ ಅಲ್ಲಗಳೆದು ಟೋರ್ವಾಲ್ಡ್ಸ್ ಅವರ ಕರ್ತೃತ್ವವನ್ನು ಎತ್ತಿಹಿಡಿದವರು ಟ್ಯಾನೆನ್‌ಬಾಮ್ ಅವರೇ. ಪ್ರತಿವಾದಿಯ ಮಾನವನ್ನು ಕಾಯುವುದರಲ್ಲಿ ಅವರಿಗೆ ಲಾಭವೇನೂ ಇರಲಿಲ್ಲ. ಅಂಕದ ಮಾತನ್ನು ನೆನೆಯುವವರು ಇದನ್ನೂ ಜತೆಯಲ್ಲಿಟ್ಟು ನೆನೆಯುವುದು ನ್ಯಾಯ.

ಆಕರದ ಸ್ವರೂಪವೂ ವಿಚಾರಾರ್ಹವಾದುದು. ಶ್ರವಣಬೆಳಗೊಳದ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯಂಥ ಶಾಸನದಲ್ಲಿ ವಾದಿಗಳ ಹಿರಿಮೆ ತುಂಬಿದೆ. ಅವರ ಮುಂದೆ ಸೋತವರು ಏನೆಂದು ವಾದಿಸಿದರೆಂಬುದು ಅಲ್ಲಿ ಸಿಕ್ಕದು. ಯೂಸ್‌ನೆಟ್ ಪತ್ರಗಳಲ್ಲಿ ಹಾಗಿಲ್ಲ: ಪೂರ್ವಪಕ್ಷವು ಪೂರ್ವಪಕ್ಷಿಯ ಮಾತಿನಲ್ಲಿಯೇ ತಾರೀಖು ಸಹಿತ ಉಳಿದಿದೆ. ಇದೊಂದು ಭಾಗ್ಯ. ಆದರೆ ಬಹುಮಂದಿ ಈ ಪತ್ರಗಳನ್ನು ಓದಿರುವುದು 1999ರಲ್ಲಿ ಓಪನ್ ಸೋರ್ಸಸ್ ಎಂಬ ಸಂಕಲನದ ಅನುಬಂಧವಾಗಿ ಮುದ್ರಣಗೊಂಡ ರೂಪದಲ್ಲಿ. ಆ ಪುಸ್ತಕವಾದರೋ ಲಿನಕ್ಸ್‌ನಂಥ ಮುಕ್ತ ತಂತ್ರಾಂಶಗಳ ಏಳಿಗೆಯನ್ನು ಹೇಳಲೆಂದೇ ಹೊರಟುದು. ಅದರ ಕೊನೆಯಲ್ಲಿ ಬಂದ ಪತ್ರವನ್ನು ಓದುಗನು ಮುಗುಳುನಗೆಯಿಂದಲ್ಲದೆ ಬೇರೆ ರೀತಿಯಲ್ಲಿ ಓದುವುದು ಕಷ್ಟ. ಉಳಿದ ಯುಕ್ತಿಯೂ ಹೀಗೆ ಬಿರುದಿನ ನೆರಳಿನಲ್ಲಿ ಮಂಕಾಗಬಲ್ಲದು.

ಇದಕ್ಕಿಂತ ಬೆಲೆಯುಳ್ಳ ಎರಡನೆಯ ಸುತ್ತೊಂದು 2006ರಲ್ಲಿ ನಡೆಯಿತು. ಅದನ್ನು ಓದಿದವರು ವಿರಳ. ಟ್ಯಾನೆನ್‌ಬಾಮ್ ಅವರೂ ಅವರ ಸಹೋದ್ಯೋಗಿಗಳೂ ಆ ವರ್ಷ ಕಂಪ್ಯೂಟರ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಸಾಧನಗಳನ್ನು ನಡೆಸುವ ಡ್ರೈವರ್‌ಗಳಲ್ಲಿ ದೋಷಗಳ ಪ್ರಮಾಣವು ಉಳಿದ ಭಾಗಗಳಿಗಿಂತ 3ರಿಂದ 7 ಪಟ್ಟು ಹೆಚ್ಚೆಂಬ ಸಂಶೋಧನೆಯನ್ನು ಆಧಾರವಾಗಿಟ್ಟು, ಅವನ್ನು ಕರ್ನಲ್‌ನಿಂದ ಹೊರಗಿಡಬೇಕೆಂದು ವಾದಿಸಿದರು. ಅವರ ಮಿನಿಕ್ಸ್ 3ರಲ್ಲಿ ಕೆಟ್ಟುನಿಂತ ಡ್ರೈವರನ್ನು ವ್ಯವಸ್ಥೆಯೇ ಮತ್ತೆ ಎಬ್ಬಿಸಿ ಕೂರಿಸುತ್ತದೆ. ಟೋರ್ವಾಲ್ಡ್ಸ್ ಅವರು ಈ ಬಾರಿ ಬೆಲೆಯ ಮಾತನ್ನಾಗಲಿ ನೆಪದ ಮಾತನ್ನಾಗಲಿ ಎತ್ತಲಿಲ್ಲ. ಬಿಡಿಬಿಡಿಯಾದ ಭಾಗಗಳು ಒಂದೇ ದತ್ತಾಂಶವನ್ನು ಹಂಚಿಕೊಳ್ಳಲಾರವು. ಆದುದರಿಂದ ಪ್ರತಿಯೊಂದು ಭಾಗವೂ ಸರಳವಾದಂತೆ ಭಾಗಗಳ ನಡುವಣ ಒಪ್ಪಂದವು ಜಟಿಲವಾಗುತ್ತದೆ, ಎಂಬುದು ಅವರ ಉತ್ತರದ ಸಾರ. ಇದು 1992ರ ಒಪ್ಪಿಗೆಯಿಂದ ಬಹು ದೂರ ಬಂದ ನಿಲುವು. ಸಿದ್ಧಾಂತದಲ್ಲಿಯೂ ಮೈಕ್ರೊಕರ್ನಲ್ ಮೇಲಲ್ಲವೆಂದು ಈಗ ಅವರು ಹೇಳುತ್ತಿದ್ದಾರೆ. ಎರಡು ಪಕ್ಷಗಳಿಗೂ ಇಲ್ಲಿ ಹೇತುವುಂಟು, ದೃಷ್ಟಾಂತವುಂಟು. ಪಾಠಕ್ಕೆ ಆರಿಸುವುದಾದರೆ ಇದನ್ನಲ್ಲವೆ ಆರಿಸಬೇಕು? ಬೈಗುಳವಿಲ್ಲವೆಂಬ ಕಾರಣಕ್ಕೆ ಇದು ಕಥೆಯಾಗಲಿಲ್ಲ.

ಇದರ ನಿರ್ಣಯವನ್ನೂ ಮಾರುಕಟ್ಟೆಯ ಎಣಿಕೆಯಿಂದ ಮಾಡಲಾಗದು. 2017ರ ನವೆಂಬರಿನ ಪಟ್ಟಿಯಂತೆ ಲೋಕದ ಅತಿ ಬಲಿಷ್ಠವಾದ 500 ಗಣಕಗಳೂ ಲಿನಕ್ಸನ್ನೇ ನಡೆಸುತ್ತಿದ್ದುವು. ಮತ್ತೊಂದು ಕಡೆ, ಸುಮಾರು 8,700 ಸಾಲುಗಳ ಎಸ್ಇಎಲ್4 ಎಂಬ ಮೈಕ್ರೊಕರ್ನಲ್ ತನ್ನ ನಿರೂಪಣೆಗೆ ಅನುಗುಣವಾಗಿ ನಡೆಯುವುದೆಂದು 2009ರಲ್ಲಿ ಗಣಿತದ ರೀತಿಯಲ್ಲಿ ಸಾಧಿಸಲಾಯಿತು. ಅಂಥ ಸಾಧನೆ ಲಿನಕ್ಸ್‌ನ ಗಾತ್ರದ ಕರ್ನಲ್‌ಗೆ ದಕ್ಕಿಲ್ಲ. ಎರಡೂ ನಿಜ, ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ.

2017ರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಇಂಟೆಲ್ ಸಂಸ್ಥೆಯು ತನ್ನ ಹೊಸ ಸಂಸ್ಕಾರಕಗಳ ಜತೆಗೆ, ಅವುಗಳ ಮೇಲ್ವಿಚಾರಣೆಗಾಗಿ ಗುಟ್ಟಾಗಿ ನಡೆಯುವ ಒಳಯಂತ್ರದಲ್ಲಿ ಮಿನಿಕ್ಸನ್ನು ಇಟ್ಟಿದೆಯೆಂದು ಸಂಶೋಧಕರು ಕಂಡುಹಿಡಿದರು. ಟ್ಯಾನೆನ್‌ಬಾಮ್ ಅವರಿಗೂ ಅದು ಪತ್ರಿಕೆಗಳಿಂದಲೇ ತಿಳಿದುದು. ಸೋತವರೇ ಕೊನೆಗೆ ಗೆದ್ದರೆಂದು ಈಗ ಹೇಳುವವರುಂಟು. ಕಥೆ ತಿರುಗುಮುರುಗಾಯಿತೇ ಹೊರತು ತರ್ಕದೋಷ ಹಾಗೆಯೇ ಉಳಿಯಿತು. ಇಂಟೆಲ್‌ನವರು ಮಿನಿಕ್ಸನ್ನು ಆರಿಸಿಕೊಂಡುದಕ್ಕೆ ಅದರ ಮೈಕ್ರೊಕರ್ನಲ್ ಒಂದು ಕಾರಣವಿದ್ದೀತು. ಆದರೆ 2000ದಲ್ಲಿ ಮಿನಿಕ್ಸ್ ಪ್ರಕಾಶಕರ ಕಟ್ಟಿನಿಂದ ಬಿಡುಗಡೆ ಹೊಂದಿ ಬಿಎಸ್‌ಡಿ ಪರವಾನಗಿಗೆ ಸೇರಿತ್ತು. ಆ ಪರವಾನಗಿಯಂತೆ ತಿದ್ದುಪಡಿಗಳನ್ನು ಯಾರಿಗೂ ತೋರಿಸಬೇಕಾದುದಿಲ್ಲ. ಇಲ್ಲಿಯೂ ನಾವು ಮೊದಲು ಓದಬೇಕಾದುದು ಹಕ್ಕುಪತ್ರವನ್ನೇ.