ತಿಳಿವಳಿಕೆಯ ಅಂಕವೂ ಆಟಗಾರನ ಆಹಾರವೂ

ವಿಶ್ವವಿದ್ಯಾನಿಲಯದ ಕ್ರೀಡಾಪಟುಗಳಿಗೆ ಪೋಷಣಶಾಸ್ತ್ರದ ತಿಳಿವಳಿಕೆ ಎಷ್ಟುಂಟು, ಆಹಾರಪೂರಕಗಳನ್ನು ಅವರು ಎಷ್ಟರಮಟ್ಟಿಗೆ ಬಳಸುತ್ತಾರೆ ಎಂಬ ವಿಷಯವಾಗಿ ಅಮೆರಿಕದಲ್ಲಿ ನಡೆದಿರುವ ಸಂಶೋಧನೆ ವಿಪುಲವಾದುದು. ನಮ್ಮ ವಿದ್ಯಾರ್ಥಿಗಳೂ ತಮ್ಮ ಪ್ರಬಂಧಗಳಿಗೆ ಇದೇ ಮಾದರಿಯನ್ನು ಆರಿಸಿಕೊಳ್ಳುವ ಸಂಭವವಿರುವುದರಿಂದ ಈ ಬಗೆಯ ಬರಹಗಳ ಗುಣದೋಷಗಳನ್ನು ಪರಿಶೀಲಿಸುವುದು ಉಚಿತವೆಂದು ನಮಗೆ ತೋರುತ್ತದೆ.

‘ಜರ್ನಲ್ ಆಫ್ ಅತ್ಲೆಟಿಕ್ ಟ್ರೈನಿಂಗ್’ ಪತ್ರಿಕೆಯಲ್ಲಿ ೨೦೧೨ರಲ್ಲಿ ಪ್ರಕಟವಾದ ಒಂದು ಲೇಖನವನ್ನು ಮೊದಲು ನೋಡಬಹುದು. ಪ್ರಶ್ನಾವಳಿಯಲ್ಲಿ ನೂರಕ್ಕೆ ೭೫ ಅಂಕ ಪಡೆದವರಿಗೆ ಸಾಕಷ್ಟು ತಿಳಿವಳಿಕೆಯುಂಟೆಂದು ಅದರ ಕರ್ತೃಗಳು ಇಟ್ಟುಕೊಂಡರು. ಆ ಗೆರೆಯನ್ನು ದಾಟಿದ ಕ್ರೀಡಾಪಟುಗಳು ನೂರಕ್ಕೆ ೯ ಮಂದಿ. ತರಬೇತುದಾರರು ಸುಮಾರು ೩೬ ಮಂದಿ. ಓದುಗರ ಕಣ್ಣು ೯ರ ಮೇಲೆ ನಿಲ್ಲುವುದು ಸಹಜ. ಆದರೆ ನಮ್ಮ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಎರಡನೆಯ ಸಂಖ್ಯೆ. ಇದನ್ನು ತಿನ್ನು, ಅದನ್ನು ಬಿಡು ಎಂದು ಹೇಳುವ ಅಧಿಕಾರವುಳ್ಳ ಗುರುವೇ ಪರೀಕ್ಷೆಯಲ್ಲಿ ಉತ್ತೀರ್ಣನಾಗದಿರುವಾಗ ಶಿಷ್ಯನ ಅಜ್ಞಾನವನ್ನು ಮಾತ್ರ ಎತ್ತಿ ಆಡುವುದು ನ್ಯಾಯವೆ? ಅಲ್ಲದೆ, ಗೆರೆ ೭೫ರಲ್ಲಿಯೇ ಏಕಿರಬೇಕು? ಅದನ್ನು ೬೦ಕ್ಕೆ ಇಳಿಸಿದರೆ ಅಜ್ಞಾನಿಗಳ ಸಂಖ್ಯೆಯೂ ಇಳಿಯುತ್ತದೆ; ಆಟಗಾರನ ತಟ್ಟೆಯಲ್ಲಿ ಒಂದು ತುತ್ತೂ ಬದಲಾಗುವುದಿಲ್ಲ.

ತಿಳಿವಳಿಕೆ ಹೆಚ್ಚಿದರೆ ಊಟ ಸುಧಾರಿಸುತ್ತದೆ ಎಂಬುದು ಈ ಎಲ್ಲ ಪ್ರಶ್ನಾವಳಿಗಳ ತಳಹದಿ. ಈ ತಳಹದಿಯೇ ಗಟ್ಟಿಯಾಗಿಲ್ಲ. ೨೦೧೧ರಲ್ಲಿ ಹೀನಿ ಮತ್ತು ಸಂಗಡಿಗರು ೨೯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ತಿಳಿವಳಿಕೆಯನ್ನೂ ಆಹಾರವನ್ನೂ ಹೋಲಿಸಿ ನೋಡಿದ್ದವು ಒಂಬತ್ತೇ. ಅವುಗಳಲ್ಲಿ ಐದರಲ್ಲಿ ಸಹಸಂಬಂಧ ಕಂಡುಬಂದಿತಾದರೂ ಅದು ೦.೪೪ನ್ನು ಮುಟ್ಟದಷ್ಟು ದುರ್ಬಲವಾಗಿತ್ತು.

ಪೂರಕಗಳ ವಿಷಯದಲ್ಲಿ ೨೦೦೪ರ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಅಧ್ಯಯನ ಇದಕ್ಕಿಂತ ಮೇಲು. ಪ್ರಶ್ನಿಸಲ್ಪಟ್ಟ ೨೦೩ ಕ್ರೀಡಾಪಟುಗಳಲ್ಲಿ ನೂರಕ್ಕೆ ೮೯ ಮಂದಿ ಯಾವುದಾದರೊಂದು ಪೂರಕವನ್ನು ಬಳಸಿದ್ದರು ಅಥವಾ ಬಳಸುತ್ತಿದ್ದರು. ಆದರೆ ಆಟಗಾರರ ಪಾನೀಯಗಳನ್ನೂ ಊಟಕ್ಕೆ ಬದಲಾಗಿ ಸೇವಿಸುವ ಸಿದ್ಧವಸ್ತುಗಳನ್ನೂ ಪೂರಕಗಳೆಂದೇ ಎಷ್ಟೋ ಮಂದಿ ಎಣಿಸಿರಲಿಲ್ಲ. ಪ್ರಶ್ನೆ ಕೇಳುವವನಿಗೂ ಉತ್ತರ ಕೊಡುವವನಿಗೂ ಒಂದೇ ಪದಕ್ಕೆ ಎರಡು ಅರ್ಥವಿರುವಾಗ ಶೇಕಡಾವಾರು ಲೆಕ್ಕದ ಗತಿಯೇನು? ಹೆಣ್ಣುಮಕ್ಕಳು ಮನೆಯವರನ್ನು ಕೇಳುತ್ತಿದ್ದರು. ಹುಡುಗರು ಗೆಳೆಯರನ್ನು, ತರಬೇತುದಾರರನ್ನು, ಅಂಗಡಿಯಲ್ಲಿದ್ದ ‘ಪೋಷಣತಜ್ಞ’ರನ್ನು ಕೇಳುತ್ತಿದ್ದರು. (ಮಾರುವವನೇ ವೈದ್ಯನಾಗುವ ಸೊಗಸು ಅಮೆರಿಕಕ್ಕೆ ಮಾತ್ರ ಮೀಸಲಾದುದಲ್ಲ.) ಯಾರಿಗೆ ಎಷ್ಟು ಗೊತ್ತು ಎಂಬುದಕ್ಕಿಂತ ಯಾರು ಯಾರನ್ನು ನಂಬುತ್ತಾರೆ ಎಂದು ವಿಚಾರಿಸಿದ್ದು ಈ ಲೇಖನದ ಹಿರಿಮೆ.

ಇನ್ನು ತಿಳಿವಳಿಕೆ ಪರಿಪೂರ್ಣವಾಗಿಯೇ ಇದೆಯೆಂದು ಭಾವಿಸೋಣ. ಜರ್ಮನಿಯ ಕೊಲೋನ್ ನಗರದ ಪ್ರಯೋಗಶಾಲೆಯವರು ೧೩ ದೇಶಗಳಲ್ಲಿ ಕೊಂಡ ೬೩೪ ಪೂರಕಗಳನ್ನು ಪರೀಕ್ಷಿಸಿ ೨೦೦೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೯೪ರಲ್ಲಿ, ಎಂದರೆ ಸುಮಾರು ಏಳಕ್ಕೆ ಒಂದರಲ್ಲಿ, ಚೀಟಿಯಲ್ಲಿ ನಮೂದಿಸದ ಸ್ಟೀರಾಯ್ಡುಗಳಿದ್ದವು. ಉದ್ದೀಪನಮದ್ದುಗಳ ನಿಯಮದಂತೆ ತನ್ನ ದೇಹದಲ್ಲಿ ಸಿಕ್ಕ ನಿಷಿದ್ಧ ವಸ್ತುವಿಗೆ ಆಟಗಾರನೇ ಹೊಣೆ. ಅರಿಯದೆ ಸೇವಿಸಿದೆನೆಂಬುದರಿಂದ ದಂಡನೆ ತಗ್ಗಬಹುದೇ ಹೊರತು ತಪ್ಪು ಇಲ್ಲವಾಗದು. ಪ್ರಶ್ನಾವಳಿಯಲ್ಲಿ ನೂರಕ್ಕೆ ನೂರು ಪಡೆದವನೂ ಡಬ್ಬಿಯೊಳಗೆ ಏನಿದೆಯೆಂಬುದನ್ನು ಕಣ್ಣಿನಿಂದ ಕಾಣಲಾರ. ಇದು ತಯಾರಕನ, ಸರ್ಕಾರದ ತಪಾಸಣೆಯ ವಿಷಯ. ವಿದ್ಯಾರ್ಥಿಯ ಅಜ್ಞಾನದ ವಿಷಯವಲ್ಲ. ಹಸಿವಿನ ಮಾತೂ ಹಾಗೆಯೇ. ೨೦೧೪ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ಆಟಗಾರ ಶಬಾಜ್ ನೇಪಿಯರ್ ತಾನು ಹಸಿದು ಮಲಗಿದ ರಾತ್ರಿಗಳುಂಟೆಂದು ಬಹಿರಂಗವಾಗಿ ನುಡಿದ. ಅದೇ ತಿಂಗಳು ಅಲ್ಲಿನ ಕಾಲೇಜು ಕ್ರೀಡಾಸಂಘ ಪ್ರಥಮ ವಿಭಾಗದ ಆಟಗಾರರ ಊಟದ ಮೇಲಿದ್ದ ಮಿತಿಯನ್ನು ತೆಗೆಯಲು ಒಪ್ಪಿತು. ಯಾವ ಅಂಕಪಟ್ಟಿಯಿಂದ ಈ ಹಸಿವು ತಿಳಿಯುತ್ತಿತ್ತು?

ಇಂಥ ಪ್ರಶ್ನಾವಳಿಗಳನ್ನು ಕನ್ನಡಕ್ಕೆ ಭಾಷಾಂತರಿಸಿ ಹಂಚುವುದು ಸುಲಭ. ಸುಣ್ಣದ ಅಂಶ ಯಾವುದರಲ್ಲಿ ಹೆಚ್ಚು ಎಂಬ ಪ್ರಶ್ನೆಗೆ ಹಾಲು, ಗಿಣ್ಣು ಎಂಬ ಉತ್ತರಗಳನ್ನಷ್ಟೇ ಒದಗಿಸಿದರೆ, ಮುದ್ದೆಯುಂಡು ಬೆಳೆದ ಮಂಡ್ಯದ ಓಟಗಾರನ ಅರಿವಿಗೆ ಅಂಕವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಸಂಶೋಧಕನು ಮೊದಲು ವಿದ್ಯಾರ್ಥಿನಿಲಯದ ಅಡಿಗೆಮನೆಗೆ ಹೋಗಿ, ಸಂಜೆಯ ಅಭ್ಯಾಸ ಮುಗಿಸಿ ಬರುವ ಹುಡುಗನಿಗೆ ಪಾತ್ರೆಯಲ್ಲಿ ಏನು ಉಳಿದಿರುತ್ತದೆ, ಪ್ರೋಟೀನು ಪುಡಿಯ ಒಂದು ಡಬ್ಬಿಯ ಹಣಕ್ಕೆ ಎಷ್ಟು ಮೊಟ್ಟೆ, ಎಷ್ಟು ಕಡಲೆಕಾಯಿ ಬರುತ್ತದೆ ಎಂಬುದನ್ನು ಬರೆದುಕೊಳ್ಳಲಿ. ಪ್ರಶ್ನಾವಳಿಯನ್ನು ಅನಂತರ ರಚಿಸಬಹುದು.