ಮೆಟ್ರೊಗೆ ಐದೇ ನಿಮಿಷ

ಪತ್ರಿಕೆಯ ಜೊತೆಗೆ ಬರುವ ಮನೆ-ನಿವೇಶನಗಳ ಪುರವಣಿಯನ್ನು ಹೆಚ್ಚಿನ ಮನೆಗಳಲ್ಲಿ ಕಪಾಟಿಗೆ ಹಾಸಲು ಬಳಸುತ್ತಾರೆ. ನಾನು ಅದನ್ನು ಓದುತ್ತೇನೆ. ಕಥೆ, ಕಾದಂಬರಿ, ಸಿನಿಮಾಗಳಿಗೆ ವಿಮರ್ಶಕರು ಬೇಕಾದಷ್ಟಿದ್ದಾರೆ. ಆದರೆ ಜನ ನಂಬಿ, ಒಡವೆ ಅಡವಿಟ್ಟು, ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವುದು ಯಾವ ಬರಹವನ್ನು ಓದಿ? ಇದನ್ನೇ ಅಲ್ಲವೆ? ಹಾಗಿದ್ದ ಮೇಲೆ ಇದಕ್ಕೂ ಒಂದು ವಿಮರ್ಶೆ ಬೇಡವೆ?

ಬೆಂಗಳೂರಿನ ಜಾಹೀರಾತುಗಳಲ್ಲಿ ಈಗ ತಪ್ಪದೆ ಕಾಣುವ ಸಾಲು ‘ಮೆಟ್ರೊ ನಿಲ್ದಾಣಕ್ಕೆ ಐದೇ ನಿಮಿಷ’. ಯಾರ ಕಾಲಿನ ಐದು ನಿಮಿಷವೋ, ಯಾವ ಹೊತ್ತಿನದೋ ಹೇಳುವುದಿಲ್ಲ. ಅದರ ಕೆಳಗೇ ಇನ್ನೊಂದು ಸಾಲು: ‘ಬೆಲೆ ಏರುತ್ತಿದೆ, ಇಂದೇ ಕಾಯ್ದಿರಿಸಿ’. ಮೂವತ್ತು ವರ್ಷ ವ್ಯಾಕರಣ ಕಲಿಸಿದವಳಿಗೆ ಇಲ್ಲಿ ಕಣ್ಣು ನಿಲ್ಲುತ್ತದೆ. ಬೆಲೆ ತಾನಾಗಿ ಏರುತ್ತದೆಯೆ? ಏರುವುದಕ್ಕೂ ಏರಿಸುವುದಕ್ಕೂ ವ್ಯತ್ಯಾಸವಿದೆ. ‘ಏರಿಸು’ ಎಂದ ಕೂಡಲೇ ಏರಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಜಾಹೀರಾತು ಆ ಪ್ರಶ್ನೆಯನ್ನು ಬೇಕೆಂದೇ ತಪ್ಪಿಸುತ್ತದೆ.

ಉತ್ತರ ಕಷ್ಟದ್ದೇನಲ್ಲ. ನಮ್ಮ ಮೆಟ್ರೊದ ಮೊದಲ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಆಗ ಅಂದಾಜು 6,395 ಕೋಟಿ ರೂಪಾಯಿ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. 2017ರಲ್ಲಿ 42 ಕಿ.ಮೀ. ಪೂರ್ತಿಯಾಗುವಷ್ಟರಲ್ಲಿ ಖರ್ಚು 13 ಸಾವಿರ ಕೋಟಿ ದಾಟಿತ್ತು. ಕೇಂದ್ರ ಕೊಟ್ಟಿತು, ರಾಜ್ಯ ಕೊಟ್ಟಿತು, ಜಪಾನಿನಿಂದ ಸಾಲ ಬಂತು. ಕೊಟ್ಟವರೆಂದರೆ ಯಾರು? ಪಾವಗಡದ ಕೂಲಿ ಹೆಂಗಸು ಕೊಳ್ಳುವ ಸೋಪಿನ ಮೇಲಿನ ತೆರಿಗೆಯೂ ಆ ಕಂಬಗಳಲ್ಲಿ ಸೇರಿದೆ. ಅಂದರೆ ನಿಲ್ದಾಣದ ಪಕ್ಕದ ಜಾಗಕ್ಕೆ ಬೆಲೆ ಬಂದದ್ದು ಎಲ್ಲರ ದುಡ್ಡಿನಿಂದ. ಲಾಭ ಮಾತ್ರ ಆ ಜಾಗದ ಒಡೆಯನಿಗೆ. ಊರೆಲ್ಲ ಸೇರಿ ಬಾವಿ ತೋಡಿ, ನೀರು ಒಬ್ಬನ ತೋಟಕ್ಕೆ ಹರಿಸಿದ ಹಾಗಾಯಿತು.

ಇದು ಬರಿಯ ಲೆಕ್ಕದ ಮಾತಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಾಳೆ. ಮೂವರು ಹುಡುಗಿಯರು ಸೇರಿ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಬಾಡಿಗೆ ಎರಡು ಸಲ ಏರಿತು. ಮೂರನೆಯ ಸಲ ಮಾಲೀಕರು, ‘ಈಗ ಇಲ್ಲಿ ಮೆಟ್ರೊ ಇದೆಯಲ್ಲಮ್ಮ’ ಎಂದರಂತೆ. ಮೆಟ್ರೊದಿಂದ ಉಳಿಯುತ್ತಿದ್ದ ಹೊತ್ತಿಗೆ ಅವರು ಬಾಡಿಗೆಯ ರೂಪದಲ್ಲಿ ಬೆಲೆ ಕಟ್ಟಿದ್ದರು. ಹುಡುಗಿಯರು ಇನ್ನೂ ಆಚೆಗೆ ಹೋದರು. ಹೊಸ ಕೋಣೆಗೆ ಮುಂಗಡ ಹೊಂದಿಸಲು ಒಬ್ಬಳ ಬಳೆ ಹೋಯಿತು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆನ್ನುತ್ತದೆ. ಐದು ತಿಂಗಳು, ಹತ್ತು ತಿಂಗಳು ಕೇಳುವುದು ಬೆಂಗಳೂರಿನ ವಾಡಿಕೆ.

ಹೀಗೆ ದೂರ ಹೋದವರಿಗೆ ಕಾದಿದ್ದದ್ದು ಟಿಕೆಟ್ಟಿನ ಏಟು. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿಸಿದರು. ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಕೆಲವು ಕಡೆ ದುಪ್ಪಟ್ಟಾಗಿ, ಜನ ಕೂಗಾಡಿದ ಮೇಲೆ ಏರಿಕೆ ಶೇ. 71ನ್ನು ಮೀರದಂತೆ ಇಳಿಸಿದರು. ನಿರ್ವಹಣೆಯ ಖರ್ಚು, ಸಾಲದ ಮರುಪಾವತಿ ಎಂಬ ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ, ರೈಲು ಗಾಳಿಯಲ್ಲಿ ಓಡುವುದಿಲ್ಲ. ಆದರೆ 60 ರೂಪಾಯಿ ಟಿಕೆಟ್ಟನ್ನು ದಿನಕ್ಕೆರಡು ಸಲ, ತಿಂಗಳಿಗೆ 26 ದಿನ ಕೊಂಡರೆ 3,120 ರೂಪಾಯಿ. ಕಾರ್ಡಿನ ರಿಯಾಯಿತಿ ಕಳೆದರೂ ಮೂರು ಸಾವಿರದ ಹತ್ತಿರ. ಸಾಲ ತೀರಿಸುವವರ ಪಟ್ಟಿಯಲ್ಲಿ ಮೊದಲ ಹೆಸರು ಬಿಲ್ಲು ಬರೆಯುವ ಹುಡುಗಿಯದು. ಜಾಗದ ಬೆಲೆ ನಾಲ್ಕು ಪಟ್ಟಾದವನ ಹೆಸರು ಎಲ್ಲಿದೆ ಎಂದು ಹುಡುಕಬೇಕು.

ಬಸ್ಸಿದೆಯಲ್ಲ ಎನ್ನಬಹುದು. ‘ಬಿಟ್ರೆ ತಿರುಗ ಸಿಗೊಲ್ಲ’ ಎಂದು ಬಿ.ಟಿ.ಎಸ್. ಬಸ್ಸನ್ನು ನಗೆಯಾಡಿದ ಕಾಲ ನಮಗೆಲ್ಲ ನೆನಪಿದೆ. 1997ರಲ್ಲಿ ಅದು ಬಿ.ಎಂ.ಟಿ.ಸಿ. ಆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಸಾಮಾನ್ಯ ಬಸ್ಸಿನಲ್ಲಿ ನಾವು ಹೆಂಗಸರು ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ಇದನ್ನು ಹೀಗಳೆಯುವವರ ಗುಂಪಿಗೆ ನಾನು ಸೇರುವುದಿಲ್ಲ. ಎಷ್ಟೋ ಮಂದಿಗೆ ಅದು ತಿಂಗಳ ಅಕ್ಕಿಯ ದುಡ್ಡು. ಆದರೆ ಬಸ್ಸು ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತರೆ, ಆ ಹೊತ್ತನ್ನು ಕೊಡುವವಳು ಅವಳೇ. ದೂರದ ಮನೆಯ ಕಡಿಮೆ ಬಾಡಿಗೆಗೆ ಈ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಬೇಕು. ಆಗ ಅದು ಅಗ್ಗವಲ್ಲ.

ಬೇರೆ ದಾರಿ ಇಲ್ಲವೆ? ಇದೆ. ಪ್ಯಾರಿಸ್ ಪ್ರದೇಶದಲ್ಲಿ 1971ರಿಂದ ಕೆಲಸಕ್ಕಿಟ್ಟುಕೊಳ್ಳುವ ಸಂಸ್ಥೆಗಳು, ತಾವು ಕೊಡುವ ಸಂಬಳದ ಲೆಕ್ಕದಲ್ಲಿ ಸಾರಿಗೆ ತೆರಿಗೆ ಕಟ್ಟುತ್ತವೆ. ನಮ್ಮಲ್ಲೂ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಪ್ರತಿಷ್ಠಾನ ನೂರಾರು ಕೋಟಿ ಕೊಡಲು ಒಪ್ಪಿತು. ಒಳ್ಳೆಯದೇ, ಆದರೆ ದಾನ ಬೇರೆ, ನಿಯಮ ಬೇರೆ. ಹಾಂಗ್‌ಕಾಂಗಿನಲ್ಲಿ ನಿಲ್ದಾಣದ ಮೇಲೆ, ಪಕ್ಕದಲ್ಲಿ ಕಟ್ಟುವ ಹಕ್ಕನ್ನು ರೈಲು ಸಂಸ್ಥೆಗೇ ಕೊಡುತ್ತಾರೆ. ಜಾಗದ ಬೆಲೆ ಏರಿದರೆ ಅದರ ಪಾಲು ರೈಲಿಗೆ ಬರುತ್ತದೆ. ಆದರೂ ಆ ಊರಿನ ಮನೆಗಳು ಜಗತ್ತಿನಲ್ಲೇ ಅತಿ ದುಬಾರಿ. ರೈಲಿಗೆ ಹಣ ಸಿಕ್ಕ ಮಾತ್ರಕ್ಕೆ ಬಡವರಿಗೆ ಮನೆ ಸಿಗುವುದಿಲ್ಲ ಎಂಬ ಪಾಠವೂ ಅಲ್ಲಿದೆ. ಸಿಂಗಪುರ ಅದನ್ನು ಬೇರೆಯಾಗಿಯೇ ಯೋಚಿಸಿತು. ಅಲ್ಲಿನ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ನಾವು ಎರಡನ್ನೂ ಒಟ್ಟಿಗೆ ಕೇಳಬೇಕು. ಏರಿದ ಬೆಲೆಯ ಒಂದು ಪಾಲು ರೈಲಿಗೆ, ಇನ್ನೊಂದು ಪಾಲು ನಿಲ್ದಾಣದ ಸುತ್ತಲೇ ಕಡಿಮೆ ಬಾಡಿಗೆಯ ಮನೆಗಳಿಗೆ.

ಬೆಂಗಳೂರಿನ ಮಾತು ತುಮಕೂರಿನವರಿಗೇಕೆ ಎನ್ನಬೇಡಿ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ಅಲ್ಲಿಂದ ನಮ್ಮೂರಿಗೆ ಸುಮಾರು 60 ಕಿ.ಮೀ. ಮಾರ್ಗದ ಪ್ರಸ್ತಾಪವೂ ಇದೆ. ರೈಲು ಇನ್ನೂ ಕಾಗದದ ಮೇಲಿದೆ, ಸೈಟುಗಳ ಜಾಹೀರಾತು ಆಗಲೇ ಗೋಡೆಯ ಮೇಲಿದೆ. ನಮ್ಮ ಶಾಲೆಯ ಕೊಠಡಿಯಲ್ಲಿ ಒಬ್ಬರು, ಹೆದ್ದಾರಿ ಪಕ್ಕದ ತಮ್ಮ ಸೈಟಿಗೆ ಬೆಲೆ ಬಂತೆಂದು ಮೊನ್ನೆ ಸಿಹಿ ಹಂಚಿದರು. ಅದೇ ವಾರ, ಮಗಳ ಪಿ.ಜಿ. ಬಾಡಿಗೆ ಹೆಚ್ಚಾಯಿತೆಂದು ಬೇಸರಪಟ್ಟರು. ಎರಡೂ ಒಂದೇ ಸುದ್ದಿಯೆಂದು ಅವರಿಗೆ ಅನಿಸಲಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ. ಅಪ್ಪನ ಹೆಸರಿನ ಸೈಟು ಗಳಿಸಿದ್ದನ್ನು ಮಗಳ ಸಂಬಳ ತೆರುತ್ತಿರುತ್ತದೆ.

ಮೆಟ್ರೊ ಬರಲಿ. ಹೆಂಗಸರಿಗೆ ಮೀಸಲಾದ ಬೋಗಿಯಲ್ಲಿ, ಬೆಳಕಿರುವ ನಿಲ್ದಾಣದಲ್ಲಿ, ರಾತ್ರಿ ಒಂಬತ್ತಕ್ಕೆ ಹೆದರದೆ ಬರುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ನಮ್ಮೂರಿನ ನಕ್ಷೆ ಬರೆಯುವ ದಿನ, ಭಾಷಣಕ್ಕೆ ಚಪ್ಪಾಳೆ ತಟ್ಟುವ ಮೊದಲು, ಒಂದು ಮಾತು ಕೇಳೋಣ: ನಿಲ್ದಾಣಕ್ಕೆ ಐದು ನಿಮಿಷದ ಮನೆಗಳಲ್ಲಿ, ಬಿಲ್ಲು ಬರೆಯುವ ಹುಡುಗಿಯ ಸಂಬಳಕ್ಕೆ ಎಟಕುವಂಥವು ಎಷ್ಟು? ಆ ಸಂಖ್ಯೆಯನ್ನು ಬರೆದು ಕೊಡಲಿ.