ಹಳೇ ಟೇಪು, ಹೊಸ ಮಿಕ್ಸು

ವೈರ್ ಇರೋ ಇಯರ್‌ಫೋನ್ ಹುಡುಕಿ, ಎಡಗಿವಿಗೆ ಮಾತ್ರ ಸಿಕ್ಕಿಸಿಕೊಂಡು ಬೀಟಲ್ಸ್‌ನ ‘ಎಲಿನರ್ ರಿಗ್ಬಿ’ಯ ಹಳೆಯ ಸ್ಟೀರಿಯೋ ಕೇಳಿ. ಪಿಟೀಲು, ಚೆಲ್ಲೋ ಎಲ್ಲ ಇವೆ. ಚರಣದ ಬಹುಭಾಗ ಪಾಲ್ ಮೆಕಾರ್ಟ್ನಿಯೇ ನಾಪತ್ತೆ. ಅವರ ದನಿಯನ್ನು ಬಲಗಿವಿಗೆ ತಳ್ಳಿಬಿಟ್ಟಿದ್ದಾರೆ. 1966ರಲ್ಲಿ ‘ರಿವಾಲ್ವರ್’ ಆಲ್ಬಮ್ ಮಾಡುವಾಗ ಎಲ್ಲರ ಗಮನ ಇದ್ದದ್ದು ಮೋನೋ ಮೇಲೆ. ಸ್ಟೀರಿಯೋ ಬೇಗಬೇಗ ಮುಗಿಸಿದ ಕೆಲಸ. (ನಮ್ಮೂರಿನ ಮನೆಯ ಟೇಪ್ ರೆಕಾರ್ಡರಿಗೆ ಇದ್ದದ್ದೇ ಒಂದು ಸ್ಪೀಕರು. ಅದರಲ್ಲಿ ಹಾಡುಗಾರರು ಕಳೆದುಹೋಗುವ ಪ್ರಶ್ನೆಯೇ ಇರಲಿಲ್ಲ ಬಿಡಿ.)

ಹಾಗಾಗಿ ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ 2022ರಲ್ಲಿ ಈ ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿದ್ದು ಆಗಬೇಕಿದ್ದ ಕೆಲಸವೇ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಮಲ್ಟಿಟ್ರ್ಯಾಕ್ ಟೇಪು ಸೋರ್ಸ್ ಕೋಡ್, ಅಂಗಡಿಗೆ ಬಂದ ರೆಕಾರ್ಡು ಬಿಲ್ಡ್. ಸೋರ್ಸ್ ಕೈಲಿದ್ದರೆ ಮತ್ತೆ ಬಿಲ್ಡ್ ಮಾಡಬಹುದು. ಆದ್ರೆ ಇಲ್ಲಿದ್ದದ್ದು ನಾಲ್ಕೇ ಟ್ರ್ಯಾಕು. ‘ಟ್ಯಾಕ್ಸ್‌ಮನ್’ನಲ್ಲಂತೂ ಗಿಟಾರು, ಬೇಸು, ಡ್ರಮ್ಮು ಮೂರೂ ಒಂದರಲ್ಲೇ. ಕುದ್ದ ಹುಳಿಯಿಂದ ಹುಣಸೆ, ಬೆಲ್ಲ, ಖಾರ ಬೇರೆ ಬೇರೆ ತೆಗೆಯಿರಿ ಅಂದ ಹಾಗಾಯ್ತು. ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕಾಗಿ ಪೀಟರ್ ಜಾಕ್ಸನ್ ತಂಡ ಬೆಳೆಸಿದ್ದ ಮಷೀನ್ ಲರ್ನಿಂಗ್ ಅದನ್ನೂ ಮಾಡಿತು. ಈಗ ಬೇಸು ಎದೆಗೇ ಬಂದು ಗುದ್ದುತ್ತೆ, ‘ಎಲಿನರ್ ರಿಗ್ಬಿ’ಯಲ್ಲಿ ಪಾಲ್ ನಡುಮಧ್ಯೆ ನಿಂತು ಹಾಡ್ತಾರೆ.

ನನ್ನ ತಕರಾರು ಬೇರೆ. ರೀಮಿಕ್ಸ್ ಅಂದ್ರೆ ಹಳೇ ಫೋಟೋದ ಧೂಳು ಒರೆಸಿದಷ್ಟೇ ಅಂತ ನಾವು ನಂಬಿಬಿಡ್ತೀವಿ. ಅಲ್ಲ. ಯಾವ ವಾದ್ಯ ಮುಂದೆ, ಯಾವುದು ಹಿಂದೆ ಅಂತ ಇನ್ನೊಬ್ಬರು ಹೊಸದಾಗಿ ತೀರ್ಮಾನಿಸೋದು. ಆ ಅಧಿಕಾರ ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಓಜಿ ಆಸ್ಬೋರ್ನ್ ಆಲ್ಬಮ್ಮುಗಳನ್ನು ನೋಡಿ. 1980ರ ‘ಬ್ಲಿಜರ್ಡ್ ಆಫ್ ಆಜ್’ ಮತ್ತು 1981ರ ‘ಡೈರಿ ಆಫ್ ಎ ಮ್ಯಾಡ್‌ಮನ್’ನಲ್ಲಿ ಬೇಸ್ ನುಡಿಸಿದ್ದು ಬಾಬ್ ಡೇಸ್ಲಿ, ಡ್ರಮ್ಸ್ ಲೀ ಕರ್ಸ್‌ಲೇಕ್. ರಾಯಲ್ಟಿ ಜಗಳ ಕೋರ್ಟಿನವರೆಗೆ ಹೋಯ್ತು. 2002ರ ಮರುಬಿಡುಗಡೆಯಲ್ಲಿ ಅವರಿಬ್ಬರ ನುಡಿಸಾಣಿಕೆ ಅಳಿಸಿ, ರಾಬರ್ಟ್ ಟ್ರುಹಿಯೋ, ಮೈಕ್ ಬಾರ್ಡಿನ್ ಕೈಯಲ್ಲಿ ಹೊಸದಾಗಿ ನುಡಿಸಿ ಕೂರಿಸಿದ್ರು. ಆಲ್ಬಮ್ಮಿನ ಹೆಸರು ಅದೇ, ಇಸವಿ ಅದೇ, ಕೆಲಸ ಮಾಡಿದವರೇ ಇಲ್ಲ! ಮೂಲ ನುಡಿಸಾಣಿಕೆ ವಾಪಸ್ ಬಂದದ್ದು 2011ರಲ್ಲಿ.

‘ರಿವಾಲ್ವರ್’ ಆ ಥರದ್ದಲ್ಲ. ಹಳೆಯ ಮಿಕ್ಸೂ ಸಿಗುತ್ತೆ, ಹೊಸದರ ಮೇಲೆ ಇಸವಿಯೂ ಇದೆ. ಆದ್ರೂ ‘ಟುಮಾರೋ ನೆವರ್ ನೋಸ್’ನಲ್ಲಿ ಡ್ರಮ್ಮು, ಟೇಪ್ ಲೂಪುಗಳು, ಲೆನನ್ ದನಿ ಎಲ್ಲ ಒಂದೇ ರಾಶಿಯಾಗಿ ಮೈಮೇಲೆ ಬೀಳಬೇಕು, ಹೊಸದರಲ್ಲಿ ಒಂದೊಂದನ್ನೂ ಎಣಿಸಬಹುದು, ಭಯ ಮಾತ್ರ ಹೋಗಿದೆ. ‘ಟ್ಯಾಕ್ಸ್‌ಮನ್’ಗೆ ನಾನು 2022ರದ್ದನ್ನೇ ಹಾಕ್ತೀನಿ. ಇದಕ್ಕೆ ಮಾತ್ರ ಇವತ್ತಿಗೂ 1966ರ ಮೋನೋ.